ಕಲ್ಮಲ ದಾರಿಯ ಸತುವಿನ ಶೆಡ್ಡು

ಮೊನ್ನೆ ಮಾನ್ವಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳ ಮದುವೆಗೆ ಹೋಗಿದ್ದೆ. ಊಟಕ್ಕೆ ಇನ್ನೂ ಹೊತ್ತಿತ್ತು. ಶಾದಿಮಹಲಿನ ಹಿಂಬದಿಯಲ್ಲಿ ಒಬ್ಬ ಮುದುಕ ಮರುದಿನದ ಅಡುಗೆಗೆಂದು ತಾಮ್ರದ ಹಂಡೆಗಳಿಗೆ ಕಲಾಯಿ ಹಾಕುತ್ತಿದ್ದ. ಕಾದ ಹಂಡೆಯೊಳಗೆ ಚಿಟಿಕೆ ನವಸಾಗರ ಎಸೆದ. ಬೆಳ್ಳನೆಯ ಹೊಗೆ ಎದ್ದು ಮೂಗಿಗೆ ಬಡಿಯಿತು. ನಾನು ಅಲ್ಲೇ ನಿಂತುಬಿಟ್ಟೆ.

“ಮಂದಿ ಅತ್ತರಿನ ವಾಸನಿ ತಗೊಂಡ್ರ ನೀವು ಇದನ್ನ ಕುಡ್ಯಾಕತ್ತೀರಲ್ಲ! ಬರ್ರಿ, ಎಲ್ಲಾರೂ ನೋಡಾಕತ್ತಾರ” ಎಂದು ಹೆಂಡತಿ ತೋಳು ಹಿಡಿದು ಎಳೆದಳು. ಬಿರಿಯಾನಿ ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು. ನಮಗೆಂದು ಮಾಡಿಸಿದ್ದ ಸಪ್ಪನೆಯ ಅನ್ನ ಸಾರನ್ನು ನಾನು ಹೇಗೆ ಉಂಡೆನೋ ನೆನಪಿಲ್ಲ. ತಲೆಯ ತುಂಬ ಎಂಬತ್ತೆರಡನೇ ಇಸವಿಯ ಮಳೆಗಾಲ ಮತ್ತು ಮಹಬೂಬ್ ಚಾಚಾ.

ಆಗ ನಾನು ರಾಯಚೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಮಸರಕಲ್ಲಿನ ಮನೆಯಲ್ಲಿ ಕೂತಿದ್ದೆ. ಅಪ್ಪ ನಾನು ಚಿಕ್ಕವನಿದ್ದಾಗಲೇ ಹೋಗಿದ್ದ. ಕೆಲಸವಿಲ್ಲದ ಪದವೀಧರನನ್ನು ಊರು ಹೇಗೆ ಮಾತಾಡಿಸುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಅಂಥದರಲ್ಲಿ ರೈಸ್ ಮಿಲ್ಲಿನ ಶರಣಪ್ಪ ಸಾಹುಕಾರರು ಹೇಳಿ ಕಳಿಸಿದರು. ರಾಯಚೂರಿನಿಂದ ಕಲ್ಮಲಕ್ಕೆ ಹೋಗುವ ದಾರಿಯಲ್ಲಿ ಅವರದೊಂದು ಖಾಲಿ ಶೆಡ್ಡು ಇತ್ತು. ಅಲ್ಲಿ ಸತು ತೆಗೆಯಬೇಕಂತೆ.

ಭತ್ತದ ಮನುಷ್ಯನಿಗೆ ಸತುವಿನ ಹುಚ್ಚು ಹಿಡಿದದ್ದು ಭತ್ತದಿಂದಲೇ. ಮಾನ್ವಿ ಕಡೆಯ ಕಾಲುವೆ ಗದ್ದೆಗಳಲ್ಲಿ ಅವರ ಪೈರು ಒಂದು ವರ್ಷ ತುಕ್ಕು ಹಿಡಿದಂತೆ ಕೆಂಪಾಗಿ ಕುಳ್ಳಗೆ ಉಳಿದಿತ್ತು. ನೆಲದಲ್ಲಿ ಸತು ಸಾಲದು ಎಂದು ಕೃಷಿ ಅಧಿಕಾರಿ ಹೇಳಿದ್ದ. ಸತು ಎಲ್ಲಿ ಸಿಗುತ್ತದೆಂದು ಸಾಹುಕಾರರು ವಿಚಾರಿಸುತ್ತ ಹೋದಾಗ, ಉಕ್ಕಿನ ಕುಲುಮೆಗಳಲ್ಲಿ ಹಳೆಯ ಬಕೆಟ್ಟು, ತಗಡು ಕರಗಿಸುವಾಗ ಅವುಗಳ ಮೇಲಿನ ಸತುವೆಲ್ಲ ಹೊಗೆಯಲ್ಲಿ ಹಾರಿಹೋಗುತ್ತದೆ, ಆ ಹೊಗೆಯ ಧೂಳನ್ನು ಅವರು ಚೀಲಗಟ್ಟಲೆ ಹೊರಗೆ ಸುರಿಯುತ್ತಾರೆ ಎಂದು ಯಾರೋ ಹೇಳಿದರು. ಸಾಹುಕಾರರಿಗೆ ಅಂದು ನಿದ್ದೆ ಬರಲಿಲ್ಲವಂತೆ.

“ಹೊಗ್ಯಾಗ ಹೋಗೋ ಮಾಲು ಹಿಡದು ಹೊಲಕ್ಕ ಹಾಕೋಣ್ರೀ ಕೆಮಿಸ್ಟ್” ಎಂದರು ಮೊದಲ ದಿನವೇ. ನನ್ನನ್ನು ಜೀವನದಲ್ಲಿ ಹಾಗೆ ಕರೆದವರು ಅವರೊಬ್ಬರೇ.

ಹೊಲಕ್ಕೆ ಹಾಕಲು ಲೋಹವೇ ಬೇಕಿಲ್ಲ, ಧೂಳನ್ನು ಗಂಧಕಾಮ್ಲದಲ್ಲಿ ಕರಗಿಸಿ ಸೋಸಿದ ನೀರನ್ನು ಒಣಗಿಸಿ ಉಪ್ಪು ಮಾಡಿದರೂ ಸಾಕು ಎಂದು ನಾನು ಹೇಳಿದೆ. ಅವರು ಒಪ್ಪಲಿಲ್ಲ.

“ನೀರು ಯಾರರ ತೋರಸ್ತಾರ. ಅದರಾಗ ವಿಷ ಅದನೋ ಔಷಧ ಅದನೋ ನನಗೇನು ತಿಳಿತದ? ಲೋಹ ಮಾಡಿ ಕೈಯಾಗ ಕೊಡ್ರಿ. ಆಮ್ಯಾಲ ನಂಬ್ತೀನಿ. ದಸರಾ ತನಕ ನೋಡೋಣ. ಆಗಲಿಲ್ಲಂದ್ರ ಶೆಡ್ಡಿನ್ಯಾಗ ತೌಡಿನ ಚೀಲ ಹಾಕಸ್ತೀನಿ.”

ಹೀಗೆ ಮೃಗಶಿರ ಮಳೆಯ ಹೊತ್ತಿಗೆ ನಾವು ನಾಲ್ವರು ಆ ಶೆಡ್ಡಿನಲ್ಲಿ ಸೇರಿದೆವು. ನಾನು, ಧೂಳು ತೊಳೆಯಲು ಕಲ್ಮಲದ ಈರಮ್ಮ, ಕರೆಂಟು ನೋಡಿಕೊಳ್ಳಲು ನರಸಿಂಹಲು, ಮತ್ತು ಮಾನ್ವಿಯ ಮಹಬೂಬ್ ಚಾಚಾ. ಚಾಚಾ ನಲವತ್ತು ವರ್ಷ ಕಲಾಯಿ ಮಾಡಿದವರು. ದೇವದುರ್ಗ, ಮಾನ್ವಿಯ ಓಣಿಗಳಲ್ಲಿ ಅವರ ಕೈಯ ಕಲಾಯಿ ಎಂದರೆ ಎರಡು ವರ್ಷ ನೋಡಬೇಕಿಲ್ಲ ಎಂಬ ಹೆಸರಿತ್ತು. ಸ್ಟೀಲ್ ಪಾತ್ರೆ ಬಂದವು, ಓಣಿಗಳಲ್ಲಿ ಅವರನ್ನು ಕೂಗುವವರು ಕಡಿಮೆಯಾದರು. ಲೋಹದ ಕೆಲಸ ಬಿಟ್ಟು ಬೇರೇನೂ ಬಾರದ ಮನುಷ್ಯ. ಸಾಹುಕಾರರು ಕರೆದಾಗ ರಾಯಚೂರಿನ ಸಂಬಂಧಿಕರ ಮನೆಯಲ್ಲಿ ಒಂದು ಕೋಣೆ ಹಿಡಿದು, ರವಿವಾರಕ್ಕೊಮ್ಮೆ ಹೆಂಡತಿ ಮಗಳನ್ನು ನೋಡಲು ಊರಿಗೆ ಹೋಗುವಂತೆ ಬಂದು ನೆಲೆಸಿದರು.

ಕೆಲಸ ಹೇಳಲು ಸುಲಭ. ಧೂಳು ಕಂದು ಬಣ್ಣದ್ದು, ನಶ್ಯದಷ್ಟು ನುಣುಪು. ಅದರಲ್ಲಿ ಉಪ್ಪಿನ ಅಂಶ ಬಹಳ. ಉಪ್ಪು ಉಳಿದರೆ ಮುಂದಿನದೆಲ್ಲ ಕೆಡುತ್ತದೆಂದು ಈರಮ್ಮ ಅದನ್ನು ಮೂರು ಸಲ ನೀರಲ್ಲಿ ತೊಳೆಯುತ್ತಿದ್ದಳು. ಆಮೇಲೆ ಆಮ್ಲದಲ್ಲಿ ಕರಗಿಸಿ, ಸುಣ್ಣ ಹಾಕಿ ಕಬ್ಬಿಣವನ್ನು ಕೆಳಗೆ ಕೂರಿಸಿ, ಕೋರಾ ಬಟ್ಟೆಯಲ್ಲಿ ಸೋಸಬೇಕು. ಆ ನೀರನ್ನು ತೊಟ್ಟಿಗೆ ಸುರಿದು ಒಂದು ಸೀಸದ ಹಾಳೆ, ಒಂದು ಅಲ್ಯುಮಿನಿಯಂ ಹಾಳೆಯಂತೆ ಸಾಲಾಗಿ ಇಳಿಬಿಟ್ಟು ಕರೆಂಟು ಹಾಯಿಸಿದರೆ, ನೀರಲ್ಲಿದ್ದ ಸತು ಅಲ್ಯುಮಿನಿಯಂ ಹಾಳೆಯ ಮೇಲೆ ಬಂದು ಕೂರುತ್ತದೆ. ಸಂಜೆ ಹಾಳೆ ಎತ್ತಿ, ಅಂಚಿಗೆ ಚಾಕು ಕೊಟ್ಟು ಸತುವನ್ನು ಸುಲಿಯಬೇಕು. ಹಾಳೆಯನ್ನು ತಿಕ್ಕಿ ಹಸನು ಮಾಡುವುದು, ಸಂಜೆ ಸುಲಿಯುವುದು, ಇವೆರಡೂ ಚಾಚಾನ ಪಾಲಿಗೆ.

“ಅರೆ ಬೇಟಾ, ಹಚ್ಚಿದ್ದು ಬಿಡಬಾರದಂತ ಜಿಂದಗಿ ಎಲ್ಲಾ ಕೆಲಸ ಮಾಡೀನಿ. ಈಗ ನೀ ಹಚ್ಚಿದ್ದು ಬಿಡಬೇಕಂತಿ. ಎಂಥಾ ಜಮಾನಾ ಬಂತು ನೋಡು!” ಎಂದು ಮೊದಲ ದಿನ ನಕ್ಕದ್ದು ಈಗಲೂ ಕಿವಿಯಲ್ಲಿದೆ.

ಬಂದ ಮೊದಲ ದಿನವೇ ನಾನು ಅವರಿಗೆ ಬೇಟಾ ಆದೆ. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಡಬ್ಬಿ ಬಿಚ್ಚುತ್ತಿದ್ದೆವು. ನನ್ನದರಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ಅವರದರಲ್ಲಿ ಖಟ್ಟಿ ದಾಲ್. ಕೇಳದೆಯೇ ನನ್ನ ರೊಟ್ಟಿಯ ಮೇಲೆ ದಾಲ್ ಸುರಿದು, “ತಿನ್ನು ಬೇಟಾ, ನಿಮ್ಮವ್ವಗ ಹೇಳಬ್ಯಾಡ” ಎನ್ನುತ್ತಿದ್ದರು. ಅವ್ವನಿಗೆ ನಾನು ಹೇಳಲೂ ಇಲ್ಲ. ಆ ಹುಳಿಯ ರುಚಿಗೆ ಹೋಲುವುದು ಮತ್ತೆ ಎಲ್ಲೂ ಸಿಗಲಿಲ್ಲ. ಆಮ್ಲದ ಆವಿ ಹೀರಿ ನಾನು ಕೆಮ್ಮಿದರೆ ತಮ್ಮ ಹೆಗಲ ವಸ್ತ್ರವನ್ನೇ ನೀರಲ್ಲಿ ಅದ್ದಿ ನನ್ನ ಮೂಗಿಗೆ ಕಟ್ಟುತ್ತಿದ್ದರು. ಅಪ್ಪ ಅನ್ನುವವರು ಹೀಗಿರುತ್ತಾರೇನೋ ಎಂದು ನನಗೆ ಆಗಾಗ ಅನ್ನಿಸುತ್ತಿತ್ತು. ಹೇಳಿದ್ದಿಲ್ಲ.

ಆ ಮಳೆಗಾಲ ಕರೆಂಟಿನ ಆಟವೂ ಜೋರಾಗಿತ್ತು. ಕರೆಂಟು ನಿಂತರೆ ಹಾಳೆಗೆ ಹತ್ತಿದ ಸತು ಮತ್ತೆ ಆಮ್ಲದಲ್ಲಿ ಕರಗತೊಡಗುತ್ತದೆ. ದಿನವಿಡೀ ಕೂಡಿದ್ದು ಕಣ್ಣೆದುರೇ ಹೋಗುತ್ತದೆ. ಆದ್ದರಿಂದ ನರಸಿಂಹಲು ತನ್ನ ತೆಲುಗಿನಲ್ಲಿ “ಪೋಯಿಂದಿ!” ಎಂದು ಕೂಗಿದ ಕೂಡಲೇ ಇದ್ದವರೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ಓಡಬೇಕು, ಹಾಳೆಗಳನ್ನು ಎತ್ತಬೇಕು. ಈರಮ್ಮ ಸೆರಗು ಬಿಗಿದು ಓಡಿಬರುವಳು, ಚಾಚಾ ಅರ್ಧ ತಿಂದ ತುತ್ತು ಬಾಯಲ್ಲಿಟ್ಟುಕೊಂಡೇ ಬರುವರು. ಒಂದು ಸಲ ಸಾಹುಕಾರರೂ ಪಂಚೆ ಎತ್ತಿಕಟ್ಟಿ ಹಾಳೆ ಎತ್ತಿದರು. ನಗು, ಬೈಗುಳ, ಹೊರಗೆ ಮಳೆ. ಅಷ್ಟು ಸಂತೋಷವಾಗಿ ನಾನು ಮತ್ತೆಲ್ಲೂ ಕೆಲಸ ಮಾಡಲಿಲ್ಲ.

ಆದರೆ ಸತು ಹಾಳೆಯನ್ನು ಬಿಡಲಿಲ್ಲ.

ಮೊದಲ ವಾರ ಕಷ್ಟಪಟ್ಟು ಬಂತು. ಆಮೇಲಾಮೇಲೆ ಕಚ್ಚಿಕೊಂಡಿತು. ಚಾಕು ಕೊಟ್ಟರೆ ಪುಡಿಪುಡಿಯಾಗಿ ಏಳುತ್ತಿತ್ತು, ಜೊತೆಗೆ ಅಲ್ಯುಮಿನಿಯಂ ಕಿತ್ತುಬರುತ್ತಿತ್ತು. ಆಮ್ಲ ಕಡಿಮೆ ಮಾಡಿದೆ, ಕರೆಂಟು ಕಡಿಮೆ ಮಾಡಿದೆ, ಈರಮ್ಮನಿಂದ ಧೂಳನ್ನು ಐದು ಸಲ ತೊಳೆಸಿದೆ. ತೊಟ್ಟಿಯ ನೀರು ಆವಿಯಾದಷ್ಟನ್ನು ದಿನಾ ಶೆಡ್ಡಿನ ಬಾವಿಯಿಂದ ಸೇದಿ ತುಂಬುತ್ತ, ಪುಸ್ತಕ ತಿರುವುತ್ತ ಶ್ರಾವಣ ಬಂದುಬಿಟ್ಟಿತು.

ಒಂದು ಸಂಜೆ ಸಾಹುಕಾರರು ಆ ಕೃಷಿ ಅಧಿಕಾರಿಯನ್ನು ಕರೆದುಕೊಂಡು ಬಂದರು. “ತೋರಸ್ರೀ ಕೆಮಿಸ್ಟ್ ನಮ್ಮ ಮಾಲು” ಎಂದರು. ಚಾಚಾ ಹಾಳೆ ಎತ್ತಿ, ಚಾಕು ಹಚ್ಚಿದರು. ಚಾಕು ಮುರಿಯಿತು. ಅಧಿಕಾರಿ ಗಡಿಯಾರ ನೋಡಿಕೊಂಡ. ಸಾಹುಕಾರರು ನನ್ನ ಮುಖ ನೋಡಿದರು. ಆ ನೋಟ ತಡೆಯಲಾರದೆ ನಾನು ಅತ್ತ ತಿರುಗಿದೆ. ಚಾಚಾ ಹಾಳೆ ತಿಕ್ಕುವ ಜಾಗದಲ್ಲಿ ಅವರ ತಗಡಿನ ಪೆಟ್ಟಿಗೆ ತೆರೆದಿತ್ತು. ಒಳಗೆ ಬಿಳಿಯ ನವಸಾಗರದ ಗಡ್ಡೆ.

ನವಸಾಗರವೂ ಒಂದು ಉಪ್ಪು. ಧೂಳಿನಿಂದ ನಾವು ತೊಳೆದು ತೊಳೆದು ಕಳೆಯುತ್ತಿದ್ದ ಅಂಶವೇ ಅದರಲ್ಲೂ ಇದೆ. ಕಲಾಯಿಯವರು ತವರ ಗಟ್ಟಿಯಾಗಿ ಹತ್ತಲೆಂದು ಪಾತ್ರೆಗೆ ತಿಕ್ಕುವುದು ಅದನ್ನೇ. ನನಗೆ ಎಲ್ಲ ಒಮ್ಮೆಲೇ ಹೊಳೆದಂತಾಯಿತು.

“ಚಾಚಾ, ಹಾಳಿಗೆ ನವಸಾಗರ ತಿಕ್ಕೀರಿ ನೀವು.”

ಅವರು ತಲೆ ಎತ್ತಿದರು. “ಇಲ್ಲ ಬೇಟಾ. ರವಿವಾರ ಊರಾಗ ಒಂದೆರಡು ಪಾತ್ರಿ ಮಾಡ್ತೀನಂತ ಪೆಟಿಗ್ಯಾಗ ಇಟ್ಟೀನಿ. ಹಾಳಿಗೆ ಹಚ್ಚಿಲ್ಲ.”

“ನಲವತ್ತು ವರ್ಷದ ರೂಢಿ. ನಿಮಗ ಗೊತ್ತಿಲ್ದಂಗ ಕೈ ತಾನಾಗೇ ಹೋಗಿರತದ. ಅದಕ್ಕೇ ಎಲ್ಲಾ ಕೆಟ್ಟದ.”

ಸಾಹುಕಾರರು, ಅಧಿಕಾರಿ, ಈರಮ್ಮ, ನರಸಿಂಹಲು, ಎಲ್ಲರೂ ಅಲ್ಲೇ ಇದ್ದರು. ಚಾಚಾ ತಮ್ಮ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡರು. ಬೆರಳುಗಳು ಸುಟ್ಟು ಗಂಟುಗಟ್ಟಿದ ಕೈಗಳು. ಆಮೇಲೆ ಬಕೆಟ್ಟಿನಲ್ಲಿ ಕೈ ತೊಳೆದು, ಪೆಟ್ಟಿಗೆ ಮುಚ್ಚಿ, ಹೆಗಲಿಗೆ ಹಾಕಿಕೊಂಡು ಮಳೆಯಲ್ಲೇ ರಸ್ತೆಗೆ ಹೋದರು. ಯಾರೂ ತಡೆಯಲಿಲ್ಲ. ನಾನಂತೂ ಕಾರಣ ಸಿಕ್ಕಿತಲ್ಲ ಎಂಬ ನಿರಾಳದಲ್ಲಿದ್ದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮರುದಿನ ಹೊಸ ಹಾಳೆ ತರಿಸಿ ನಾನೇ ತಿಕ್ಕಿದೆ. ಸಂಜೆ ಎತ್ತಿದರೆ ಸತು ಹಾಗೇ ಕಚ್ಚಿಕೊಂಡಿತ್ತು. ಮೂರನೇ ದಿನವೂ ಅಷ್ಟೇ. ವಾರ ಕಳೆಯಿತು. ಈರಮ್ಮ ಧೂಳಿನ ಬುಟ್ಟಿ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

“ಈಗ ಯಾರ ಮ್ಯಾಲ ಹಾಕ್ತೀರ್ರಿ? ನನ್ನ ಮ್ಯಾಲೇನು?”

ತಪ್ಪು ಚಾಚಾನದಲ್ಲ ಎಂಬುದು ಅಷ್ಟು ಹೊತ್ತಿಗೆ ಶೆಡ್ಡಿನ ಗೋಡೆಗೂ ಗೊತ್ತಾಗಿತ್ತು. ಮಾನ್ವಿಗೆ ಹೋಗಿ ತಪ್ಪಾಯಿತು ಎನ್ನಬೇಕಿತ್ತು. ಏನು ಕಾರಣವೆಂದು ಗೊತ್ತಾದ ಮೇಲೆ ಹೋಗೋಣ, ಬರಿಗೈಯಲ್ಲಿ ಹೇಗೆ ಹೋಗುವುದು ಎಂದುಕೊಂಡೆ. ಓದಿದವರಿಗೆ ಇಂಥ ನೆಪಗಳು ಬೇಗ ಹೊಳೆಯುತ್ತವೆ.

ಆ ದಿನಗಳಲ್ಲೇ ಅವ್ವ ಗೂಗಲ್ಲಿನ ಅಲ್ಲಮಪ್ರಭುವಿಗೆ ಹೊತ್ತ ಹರಕೆ ತೀರಿಸಬೇಕೆಂದು ಹಟ ಹಿಡಿದಳು. ಕರೆದುಕೊಂಡು ಹೋದೆ. ಕೃಷ್ಣೆ ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಗುಡಿಯ ಕಟ್ಟೆಯ ಮೇಲೆ ಒಬ್ಬ ಡಾಕ್ಟರು ಶಾಲೆಯ ಮಕ್ಕಳ ಬಾಯಿ ಬಿಡಿಸಿ ನೋಡುತ್ತಿದ್ದರು. ಒಂದು ಹುಡುಗಿ ಅವರ ಬೆರಳನ್ನು ಕಚ್ಚಿತು. ನಾನು ಜೋರಾಗಿ ನಕ್ಕೆ. ಡಾಕ್ಟರು ತಿರುಗಿ ನನ್ನ ಬಾಯಿಯನ್ನೇ ದಿಟ್ಟಿಸಿದರು.

“ನೀವು ಈ ಊರವರಲ್ಲ.”

“ಅಲ್ರಿ. ಮಸರಕಲ್. ಹ್ಯಾಂಗ ತಿಳೀತು?”

“ಹಲ್ಲು ಹೇಳ್ತಾವ. ಈ ಹುಡುಗರು ಹೊಳಿ ನೀರು ಕುಡದವ್ರು, ಹಲ್ಲು ಬೆಳ್ಳಗದಾವ. ನೀವು ಬಾವಿ ನೀರಿನವ್ರು. ಈ ಜಿಲ್ಲಾದ ಬಾವಿ ನೀರಾಗ ಫ್ಲೋರೈಡ್ ಭಾಳ. ಹಲ್ಲಿನ ಮೇಲ್ಪದರ ಕೆಡಿಸಿ ಕಂದು ಗೆರಿ ಬರಸ್ತದ.”

ನನ್ನ ಹಲ್ಲಿನ ಕಂದು ಗೆರೆಗಳಿಗಾಗಿ ನಾನು ಕಾಲೇಜಿನಲ್ಲಿ ಬಾಯಿ ಮುಚ್ಚಿ ನಗಲು ಕಲಿತವನು. ಅಂದು ಮಾತ್ರ ನಾಚಿಕೆಯಾಗಲಿಲ್ಲ, ಶೆಡ್ಡಿನ ಹಾಳೆಗಳು ಕಣ್ಣ ಮುಂದೆ ಬಂದವು. ಅಲ್ಯುಮಿನಿಯಂ ಮೈಮೇಲೂ ಕಣ್ಣಿಗೆ ಕಾಣದ ಒಂದು ತೆಳುವಾದ ಪೊರೆ ಇರುತ್ತದೆ. ಆ ಪೊರೆ ಇರುವವರೆಗೆ ಸತು ಮೇಲೆ ಮೇಲೆ ಕೂತಿರುತ್ತದೆ, ಎಳೆದರೆ ಬರುತ್ತದೆ. ಪೊರೆ ಹೋದರೆ ಲೋಹಕ್ಕೆ ಲೋಹ ಕಚ್ಚಿಕೊಳ್ಳುತ್ತದೆ. ಗಾಜನ್ನೇ ತಿನ್ನುವ ಫ್ಲೋರೈಡಿಗೆ ಈ ಪೊರೆ ಯಾವ ಲೆಕ್ಕ! ತೊಟ್ಟಿಯ ನೀರು ದಿನಾ ಆವಿಯಾಗುತ್ತಿತ್ತು, ನಾವು ದಿನಾ ಬಾವಿಯ ನೀರು ತುಂಬುತ್ತಿದ್ದೆವು. ನೀರು ಹಾರಿಹೋಗಿ ಅದರೊಳಗಿನ ಫ್ಲೋರೈಡ್ ಮಾತ್ರ ಕೂಡುತ್ತ ಬಂದಿತ್ತು. ವಾರವಾರಕ್ಕೂ ಸತು ಗಟ್ಟಿಯಾಗುತ್ತ ಹೋದದ್ದು ಅದಕ್ಕೇ. ಉತ್ತರವನ್ನು ಬಾಯಲ್ಲಿಟ್ಟುಕೊಂಡು ನಾನು ಎರಡು ತಿಂಗಳು ಪುಸ್ತಕ ತಿರುವಿದ್ದೆ.

ಗುಡಿಯ ಮುಂದಿನ ಅಂಗಡಿಯಲ್ಲಿ ಎಣ್ಣೆಯ ಎರಡು ಖಾಲಿ ಡಬ್ಬ ಕೊಂಡು, ಉಜ್ಜಿ ತೊಳೆದು ಹೊಳೆಯ ನೀರು ತುಂಬಿಸಿಕೊಂಡೆ. ಅವ್ವ ತೀರ್ಥವೆಂದು ತಿಳಿದು ಕೈ ಮುಗಿದಳು. ಶೆಡ್ಡಿಗೆ ಬಂದು ಆ ನೀರನ್ನು ಕಾಯಿಸಿ ತಿಳಿಮಾಡಿ, ಧೂಳು ತೊಳೆಯುವುದರಿಂದ ಹಿಡಿದು ಎಲ್ಲವನ್ನೂ ಅದರಲ್ಲೇ ಮಾಡಿ, ಗಾಜಿನ ಒಂದು ಜಾಡಿಯಲ್ಲಿ ಅಂಗೈಯಗಲದ ಹಾಳೆ ಇಳಿಬಿಟ್ಟೆ. ಸಂಜೆ ಎತ್ತಿ ಅಂಚಿಗೆ ಉಗುರು ತಾಗಿಸಿದೆ. ಬೆಂದ ರೊಟ್ಟಿ ಹಂಚಿನಿಂದ ಏಳುವಂತೆ ಇಡೀ ಸತು ಒಂದೇ ತುಂಡಾಗಿ ಎದ್ದು ಬಂತು. ಈರಮ್ಮ “ಯವ್ವಾ!” ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಮರುದಿನ ಬೆಳಿಗ್ಗೆ ಆ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಮಾನ್ವಿಯ ಬಸ್ಸು ಹತ್ತಿದೆ.

ಚಾಚಾ ಓಣಿಯ ಕೊನೆಯ ಮನೆಯಲ್ಲಿದ್ದರು. ಮಗಳು ಚಹಾ ತಂದಿಟ್ಟು ಒಳಗೆ ಹೋದಳು. ನಾನು ಎಲ್ಲ ಹೇಳಿದೆ. ಬಾವಿಯ ನೀರು, ಡಾಕ್ಟರು, ನನ್ನ ಹಲ್ಲು. ತಪ್ಪು ನನ್ನದು, ನಿಮ್ಮ ಕೈಯದಲ್ಲ ಎಂದೆ. ಅವರು ಸತುವಿನ ತುಂಡನ್ನು ಬೆಳಕಿಗೆ ಹಿಡಿದು, ಬೆರಳಿಂದ ಸವರಿ, ಮೂಸಿ ನೋಡಿದರು.

“ಮಾಲು ಚಲೋ ಅದ” ಎಂದರು. ಆಮೇಲೆ ಅದನ್ನು ಮತ್ತೆ ಕಾಗದದಲ್ಲಿ ಸುತ್ತಿ ನನ್ನ ಮುಂದಿಟ್ಟರು.

“ಬರ್ರಿ ಚಾಚಾ. ದಸರಾ ಬಂತು. ಸಾಹುಕಾರ್ರು ಟ್ಯಾಂಕರಿನ್ಯಾಗ ಹೊಳಿ ನೀರು ತರಸ್ತೀನಂದಾರ.”

“ನಾ ಬರ್ತೀನಿ. ಕೆಲಸಕ್ಕ ಸಿಟ್ಟು ಇರಬಾರದು. ಆದ್ರ ಒಂದು ಮಾತು. ಅವತ್ತು ನಾಕು ಮಂದಿ ಮುಂದ ಅಂದಿದ್ದಿರಿ. ಇವತ್ತು ನನ್ನ ಮನ್ಯಾಗ ಒಬ್ಬರೇ ಬಂದು ಹೇಳಾಕತ್ತೀರಿ. ಅಲ್ಲಿ ಅಂದದ್ದು ಅಲ್ಲೇ ಹೋಗಬೇಕು.”

ಅವರು ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವರ ಬಳಿ ಉಳಿದಿದ್ದ ಆಸ್ತಿಯೆಂದರೆ ಕೈಯ ಹೆಸರೊಂದೇ. ಅದನ್ನು ನಾನು ನಾಲ್ವರ ಎದುರು ಕಸಿದುಕೊಂಡಿದ್ದೆ. ಮನೆಯೊಳಗೆ ಗುಟ್ಟಾಗಿ ಹಿಂದಕ್ಕೆ ಕೊಟ್ಟರೆ ಅದು ಕೊಟ್ಟಂತಾಗುವುದಿಲ್ಲ.

ಸೋಮವಾರ ಅವರು ಬಂದರು. ಶೆಡ್ಡಿನ ಬಾಗಿಲ ಹೊರಗೆ, ಹೆಗಲಿಗೆ ಪೆಟ್ಟಿಗೆ ಹಾಕಿಕೊಂಡೇ ನಿಂತರು. ನಾನು ಸಾಹುಕಾರರನ್ನು ಕರೆಸಿದ್ದೆ, ಅವರ ಮೂಲಕ ಆ ಅಧಿಕಾರಿಯನ್ನೂ ಕರೆಸಿದ್ದೆ. ಎಲ್ಲರ ಎದುರು, ಹಾಳೆ ಕೆಟ್ಟದ್ದು ಬಾವಿಯ ನೀರಿನಿಂದ, ಚಾಚಾನ ಕೈಯಿಂದಲ್ಲ, ನಾನು ಪರೀಕ್ಷೆ ಮಾಡದೆ ಬಾಯಿಗೆ ಬಂದದ್ದು ಆಡಿದೆ, ನನ್ನದು ತಪ್ಪಾಯಿತು ಎಂದೆ. ಸಾಹುಕಾರರು, “ಇರಲಿ ಬಿಡ್ರಿ, ಇಷ್ಟಕ್ಕ ಸಭಾ ಸೇರಸ್ಬೇಕಿತ್ತೇನು” ಎಂದರು. ಈರಮ್ಮ ಮಾತ್ರ, “ಬೇಕಿತ್ರೀ” ಎಂದಳು.

ಚಾಚಾ ಒಳಗೆ ಬಂದರು. ಪೆಟ್ಟಿಗೆಯನ್ನು ಅದೇ ಮೂಲೆಯಲ್ಲಿಟ್ಟು, ತೋಳು ಮಡಚಿ, ನನ್ನ ಕಡೆ ತಿರುಗಿ ಹೇಳಿದರು:

“ಬರ್ರಿ ಸಾಹೇಬ್ರ, ಹಾಳಿ ಇಳಿಬಿಡೋಣ.”

ದಸರಾಕ್ಕೆ ಎರಡು ದಿನ ಮೊದಲು ಸಾಹುಕಾರರ ಕೈಗೆ ಸತುವಿನ ಇಟ್ಟಿಗೆ ಕೊಟ್ಟೆವು. ಅವರು ಅದನ್ನು ಬನ್ನಿಯ ಜೊತೆ ಇಟ್ಟು ಪೂಜೆ ಮಾಡಿದರು. ಚಳಿಗಾಲವೆಲ್ಲ ಕೆಲಸ ನಡೆಯಿತು. ಚಾಚಾನ ಕೈಯಲ್ಲಿ ಸತು ಅಂಚಿನಿಂದ ಅಂಚಿಗೆ ಹರಿಯದೆ ಏಳುತ್ತಿತ್ತು, ನೋಡಲು ಕಲ್ಮಲದಿಂದ ಜನ ಬರುತ್ತಿದ್ದರು. ಚಾಚಾ ನಗುತ್ತಿದ್ದರು, ಮೊದಲಿನಂತೆಯೇ ಓಡುತ್ತಿದ್ದರು, ಬೇವಿನ ಗಿಡದ ಕೆಳಗೆ ಮೊದಲಿನಂತೆಯೇ ಡಬ್ಬಿ ಬಿಚ್ಚುತ್ತಿದ್ದರು. ಈಗ ಮಾತ್ರ, “ಸಾಹೇಬ್ರ, ಸ್ವಲ್ಪ ದಾಲ್ ಹಾಕಲೇನ್ರಿ?” ಎಂದು ಕೇಳಿ ಹಾಕುತ್ತಿದ್ದರು. ನಾನು ಹೂಂ ಎನ್ನುವವರೆಗೆ ಚಮಚ ಕೈಯಲ್ಲೇ ಇರುತ್ತಿತ್ತು.

ಬೇಸಿಗೆಯಲ್ಲಿ ಕುಲುಮೆಯವರು ಧೂಳು ಕೊಡುವುದನ್ನು ನಿಲ್ಲಿಸಿದರು, ಕರೆಂಟು ದಿನಕ್ಕೆ ನಾಲ್ಕು ತಾಸಿಗೆ ಇಳಿಯಿತು. ಶೆಡ್ಡಿಗೆ ಕೊನೆಗೂ ತೌಡಿನ ಚೀಲಗಳೇ ಬಂದವು. ನನಗೆ ದೇವದುರ್ಗದ ಒಂದು ಹೈಸ್ಕೂಲಿನಲ್ಲಿ ಮೇಸ್ಟರ ಕೆಲಸ ಸಿಕ್ಕಿತ್ತು. ಚಾಚಾ ಹೈದರಾಬಾದಿನಲ್ಲಿದ್ದ ತಮ್ಮನ ಹತ್ತಿರ ಹೊರಟಿದ್ದರು, ಅಲ್ಲಿ ಶಾದಿ ಹಂಡೆಗಳ ಕೆಲಸ ಇನ್ನೂ ಇದೆಯಂತೆ. ರಾಯಚೂರಿನ ಬಸ್‌ಸ್ಟ್ಯಾಂಡಿಗೆ ಕಳಿಸಲು ಹೋದೆ. ಬೇಡವೆಂದರೂ ಪೆಟ್ಟಿಗೆ ನಾನೇ ಹೊತ್ತೆ. ಬಸ್ಸಿಗೆ ಕಾಯುತ್ತ ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ.

“ಚಾಚಾ, ನನ್ನ ಮ್ಯಾಲ ಇನ್ನೂ ಸಿಟ್ಟದ ಏನು?”

“ಅಲ್ಲಾ ಕಸಂ, ಇಲ್ಲ.”

“ಹಂಗಾದ್ರ ಮೊದಲಿನಂಗ ಒಮ್ಮಿ ಬೇಟಾ ಅನ್ರಿ.”

ಅವರು ನನ್ನ ಮುಖವನ್ನು ನೋಡಿದರು. ಬಾಯಿ ತೆರೆದರು. ನಿಜವಾಗಿಯೂ ಪ್ರಯತ್ನ ಮಾಡಿದರು, ನಾನು ಕಂಡೆ. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು:

“ಅನ್ನಬಾರದಂತ ಏನಿಲ್ಲ ಸಾಹೇಬ್ರ. ಬಾಯಿಗೆ ಬರವಲ್ದು.”

ಬಸ್ಸು ಬಂತು. ಅವರು ಹತ್ತಿ, ಕಿಟಕಿಯಿಂದ ಕೈ ಚಾಚಿ ಪೆಟ್ಟಿಗೆ ಇಸಿದುಕೊಂಡರು.